ಬಾಣಂತನಕ್ಕೆ ಕೊಂಡ ಜೀಪು

ನಮ್ಮ ಮನೆಯಾಕೆ ಹೇಳುವ ಪ್ರಕಾರ, ಈ ಭೂಮಿಯ ಮೇಲೆ ನನಗಿಂತ ಮೊದಲು ಯಾರೂ ಅಜ್ಜ ಆಗಿಯೇ ಇಲ್ಲ. ಅಷ್ಟು ಮೆರೆಯುತ್ತಿದ್ದೇನಂತೆ. ಮೆರೆಯುತ್ತೇನೆ, ಯಾಕೆ ಮೆರೆಯಬಾರದು? ಕರ್ಜಗಿಯ ಚಹಾದಂಗಡಿಯವನಿಗೆ ಹೇಳಿದ್ದಾಯಿತು, ಹಾವೇರಿ ಬಸ್ಸಿನ ಕಂಡಕ್ಟರನಿಗೆ ಹೇಳಿದ್ದಾಯಿತು, ಗುರುತಿಲ್ಲದವರನ್ನು ತಡೆದು ನಿಲ್ಲಿಸಿಯೂ ಹೇಳಿದ್ದಾಯಿತು: ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಈಗ ಬರೆದೂ ಹೇಳುತ್ತೇನೆ. ಮೂರನೇ ಇಯತ್ತೆಯ ತನಕ ಕಲಿತ ಕೈ, ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಆದರೆ ಮೊಮ್ಮಗಳ ಸುದ್ದಿಗೆ ಮೊದಲು ಒಂದು ಜೀಪಿನ ಸುದ್ದಿ ಹೇಳಬೇಕು. ಆ ಜೀಪನ್ನು ತಂದದ್ದೇ ಅವಳ ಸಲುವಾಗಿ, ಅದೂ ಅವಳು ಹುಟ್ಟುವುದಕ್ಕೆ ಮೊದಲು.

ನಮ್ಮದು ಕರ್ಜಗಿಯ ಆಚೆ ಹೊಲದಲ್ಲಿರುವ ಮನೆ. ಡಾಂಬರು ರಸ್ತೆ ಬಿಟ್ಟ ಮೇಲೆ ಮನೆಯ ತನಕ ಬರೀ ಎರೆಮಣ್ಣಿನ ದಾರಿ. ಬೇಸಿಗೆಯಲ್ಲಿ ಸೈಕಲ್ ಸಹ ಜಾರಿದಂತೆ ಓಡುತ್ತದೆ. ಒಂದು ಮಳೆ ಬಿದ್ದರೆ ಮಾತ್ರ ಅದೇ ದಾರಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೈಕಿನ ಗಾಲಿಗೆ ಉಂಡೆಯಾಗಿ ಅಂಟಿ ತಿರುಗಗೊಡುವುದಿಲ್ಲ. ಮಗಳನ್ನು ಬ್ಯಾಡಗಿಗೆ ಕೊಟ್ಟಿದ್ದೇವೆ. ಅಳಿಯನದು ಮೆಣಸಿನಕಾಯಿ ವ್ಯಾಪಾರ. ಚೊಚ್ಚಲ ಬಸಿರು, ನಡು ಮಳೆಗಾಲಕ್ಕೆ ಹೆರಿಗೆ ಎಂದು ಡಾಕ್ಟರು ಹೇಳಿದ್ದರು. ಮೊದಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ನಮ್ಮ ಮನೆಯಾಕೆ ಬಾಣಂತಿಯ ಉಂಡಿಗೆಂದು ಅಳವಿ, ಅಂಟು, ಒಣಕೊಬ್ಬರಿ ಎಲ್ಲ ಕೂಡಿಸಿಟ್ಟು ಹೊರಸಿಗೆ ಹೊಸ ನುಲಿ ಹೆಣೆಸಿದ್ದಳು.

ಮಗಳ ಸೀಮಂತದ, ನಮ್ಮ ಕಡೆ ಕುಬಸ ಎನ್ನುತ್ತೇವೆ, ಊಟ ಮುಗಿದ ಮೇಲೆ ಅಳಿಯ ನನ್ನನ್ನು ಹೊರಗೆ ಕರೆದ. ಅವನು ಮೆತ್ತಗೆ ಮಾತಾಡುವ ಹುಡುಗ, ಆದರೆ ಮಾತು ಗಟ್ಟಿ.

“ಮಾವಾರ, ಸಿಟ್ಟಾಗಬ್ಯಾಡ್ರಿ. ನಡು ಮಳ್ಯಾಗ ಬ್ಯಾನಿ ಬಂದ್ರ ಆ ರಾಡ್ಯಾಗ ಯಾವ ಗಾಡಿ ಬರ್ತೈತ್ರಿ? ಬಾಣಂತನ ನಮ್ಮ ಮನ್ಯಾಗ ಆಗ್ಲಿ. ಬ್ಯಾಡಗಿಂದ ಹಾವೇರಿಗೆ ಡಾಂಬರ ರಸ್ತೆ ಐತಿ.”

ನನಗೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳು ಎಲ್ಲಿತ್ತು? ಒಳಗೆ ಹೇಳಿದರೆ ಮನೆಯಾಕೆ ಕಣ್ಣೀರು ಹಾಕಿದಳು. ಆವತ್ತೇ ನಾನು ಅಳಿಯನಿಗೆ ಮಾತು ಕೊಟ್ಟೆ: ನಾಲ್ಕೂ ಗಾಲಿ ಎಳೆಯುವ ಜೀಪು ತರುತ್ತೇನೆ, ಆ ದಾರಿಯಲ್ಲಿ ಮಳೆಯಲ್ಲೇ ಓಡಿಸಿ ತೋರಿಸುತ್ತೇನೆ, ಒಪ್ಪಿಗೆಯಾದರೆ ಮಗಳನ್ನು ಕಳಿಸು. ವಯಸ್ಸಿನಲ್ಲಿ ಟ್ರ್ಯಾಕ್ಟರ್ ಹೊಡೆದವನು ನಾನು, ನಟ್ಟು ತಿರುಗಿಸುವ ಪಾನಾ ಹಿಡಿದರೆ ಕೈ ಮರೆತಿಲ್ಲ ಎಂಬ ಧೈರ್ಯ.

ಹೊಸದು ನಮಗೆ ಎಟುಕುವುದಿಲ್ಲ. ಕುಮಾರಪಟ್ಟಣದ ಕಡೆ ಹೊಳೆಯ ದಂಡೆಯ ರೈತರೊಬ್ಬರು ತಮ್ಮ ಹಳೆಯ ಜೀಪು ಮಾರುತ್ತಾರೆಂದು ತಿಳಿದು, ರಾಣೆಬೆನ್ನೂರಿನ ನನ್ನ ಗುರುತಿನ ಗಾಡಿ ಮಿಸ್ತ್ರಿಯನ್ನು ಕರೆದುಕೊಂಡು ಹೋದೆ. ಅವರು ಮುಸಲ್ಮಾನರು, ಅಪ್ಪನ ಕಾಲದಿಂದ ಗ್ಯಾರೇಜು. ಗಾಡಿಯ ಮುಂದೆ ನಿಂತರೆ ಹೆಚ್ಚು ಮಾತಿಲ್ಲ. ಮೊದಲು ಬಾನೆಟ್ಟಿನ ಮೇಲೆ ಕೈ ಇಟ್ಟು ಎಂಜಿನ್ ತಣ್ಣಗಿದೆಯೋ ಎಂದು ನೋಡಿದರು. ಮಾರುವವರು ಬಿಸಿ ಮಾಡಿ ಇಟ್ಟಿದ್ದರೆ ಚಾಲೂ ಆಗುವ ತೊಂದರೆ ಮುಚ್ಚಿಹೋಗುತ್ತದಂತೆ. ಹೊಗೆಯ ಬಣ್ಣ ನೋಡಿದರು, ಅಡಿಗೆ ಮಲಗಿ ಚಾಸಿಯನ್ನು ಸುತ್ತಿಗೆಯಿಂದ ಬಡಿದು ತುಕ್ಕು ಎಲ್ಲಿದೆ ಎಂದು ಕಿವಿಯಿಂದಲೇ ಕೇಳಿದರು. ಆಮೇಲೆ ಎಂಜಿನ್ನಿನ ಎಳೆತವನ್ನು ನಾಲ್ಕೂ ಗಾಲಿಗೆ ಹಾಕಿ, ಸಣ್ಣ ಗೇರಿನಲ್ಲಿ, ನೇಗಿಲು ಹೊಡೆದ ಹೊಲದಲ್ಲಿ ಬಿಸಿಲು ನೆತ್ತಿಗೆ ಬರುವ ತನಕ ಓಡಿಸಿದರು. ಇಳಿದು ಬಂದು ಹೇಳಿದರು:

“ಕಾಕಾರ, ಗಾಡಿ ಚಲೋ ಐತಿ, ತೊಗೊಳ್ರಿ. ಆದ್ರ ಹಿಂದಿನವ್ರು ಏನು ಮಾಡ್ಯಾರ, ಏನು ಬಿಟ್ಟಾರ, ನಮಗ ಗೊತ್ತಿಲ್ಲ. ಗಾಡಿ ಮನೀಗೆ ಹ್ವಾದ ಕೂಡ್ಲೆ ಎಲ್ಲಾ ಆಯಿಲ್ ಇಳಿಸಿ ಹೊಸಾದು ಹಾಕ್ರಿ. ಎಲ್ಲಾ ಅಂದ್ರ ಎಲ್ಲಾ.”

ಹೂಂ ಅಂದೆ. ಅವರಿಗೆ ಬೇರೆ ಕೆಲಸವಿತ್ತು, ಬಸ್ಸು ಹತ್ತಿ ಹೋದರು. ಜೀಪಿನ ಕೀಲಿ ನನ್ನ ಕೈಗೆ ಬಂತು. ಪಕ್ಕದಲ್ಲೇ ತುಂಗಭದ್ರೆ. ನಮ್ಮಲ್ಲಿ ಹೊಸ ಎತ್ತು ತಂದರೆ ಹೊಳೆಯಲ್ಲಿ ಮೈ ತೊಳೆಸಿ, ಹಣೆಗೆ ಕುಂಕುಮ ಹಚ್ಚಿಯೇ ಮನೆಗೆ ತರುವುದು. ಟ್ರ್ಯಾಕ್ಟರಿಗೂ ಹಾಗೆಯೇ ಮಾಡಿದ್ದೆವು. ಮೊಮ್ಮಗು ಬರುವ ಗಾಡಿಯನ್ನು ಧೂಳು ಹೊತ್ತುಕೊಂಡೇ ಒಯ್ಯಲೇ? ಹೊಲದಿಂದ ಬಂದದ್ದು ಬಂದ ಹಾಗೆ ಹೊಳೆಗೆ ಇಳಿಸಿದೆ. ನೀರು ಗಾಲಿಯ ನಡುಮಟ್ಟ ದಾಟಿ ಹೊಟ್ಟೆಗೆ ತಾಗಿತು. ಮಾರಿದವರೂ ಖುಷಿಯಿಂದ ಧೋತರ ಎತ್ತಿ ಕಟ್ಟಿ ಇಳಿದರು. ಹುಲ್ಲಿನ ಸಿಂಬಿಯಿಂದ ತಿಕ್ಕಿ ತಿಕ್ಕಿ ತೊಳೆದೆವು. ಎಷ್ಟು ಚಂದ ಕಂಡಿತೆಂದರೆ, ಮನೆಗೆ ಬರುವ ದಾರಿಯಲ್ಲೆಲ್ಲ ನಾನು ಹಾರ್ನ್ ಬಾರಿಸುತ್ತಲೇ ಬಂದೆ.

ಆಮೇಲಿನ ಕೆಲಸವೆಲ್ಲ ನನ್ನ ಅಂಗಳದಲ್ಲಿ. ಪೂಜೆ ಮಾಡಿ, ಗಾಲಿಗೆ ಲಿಂಬಿಹಣ್ಣು ಇಟ್ಟು, ಕೆಲವು ದಿನ ಬಿಟ್ಟು ಅಳಿಯನಿಗೆ ಬಿಡುವಾದ ಭಾನುವಾರ ಶುರು ಮಾಡಿದೆವು. ಎಂಜಿನ್ ಸ್ವಲ್ಪ ಬಿಸಿ ಮಾಡಿ ಹಳೆಯ ಆಯಿಲ್ ಇಳಿಸಿದೆವು. ಬಿಸಿಯಿದ್ದರೆ ತಳದ ಹೊಲಸೂ ಜೊತೆಗೆ ಬರುತ್ತದೆ. ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಗಾಳಿಯ ಫಿಲ್ಟರ್ ಹೊಸವು. ರೇಡಿಯೇಟರಿನಿಂದ ಮೊದಲು ಬಂದದ್ದು ಕೆಂಪು ನೀರು, ತಿಳಿಯಾಗುವ ತನಕ ತೊಳೆದು ಹಸಿರು ಕೂಲಂಟ್ ತುಂಬಿಸಿದೆವು. ಫ್ಯಾನ್ ಬೆಲ್ಟ್ ಮಡಚಿದರೆ ಒಳಗೆ ಬಿರುಕು, ಬದಲಿಸಿದೆವು. ಬ್ರೇಕಿನ ಎಣ್ಣೆ ಕಪ್ಪಾಗಿತ್ತು. ಒಂದು ಹಿಂದಿನ ಗಾಲಿಯಲ್ಲಿ ಅದು ಒಸರಿ ಲೈನರ್ ನೆನೆದಿತ್ತು, ಸೀಲೂ ಲೈನರೂ ಹೊಸವು ಹಾಕಿ, ಅಳಿಯ ಪೆಡಲ್ ತುಳಿಯುತ್ತ ನಾನು ಗಾಳಿ ಬಿಡಿಸುತ್ತ ಮಧ್ಯಾಹ್ನ ಕಳೆಯಿತು. ಕೆಳಗಿನ ಉದ್ದ ಶಾಫ್ಟಿನ ಕೀಲುಗಳಿಗೆ, ಕಪ್ಪು ಗ್ರೀಸ್ ಹೊರಬಿದ್ದು ಹೊಸದು ಇಣುಕುವ ತನಕ ಗ್ರೀಸ್ ಹೊಡೆದೆ.

ಉಳಿದದ್ದು ಹೌಸಿಂಗ್. ಮುಂದಿನ ಎರಡು ಗಾಲಿಗಳ ನಡುವೆ ಒಂದು, ಹಿಂದಿನವುಗಳ ನಡುವೆ ಒಂದು, ಹೀಗೆ ಎರಡು ಕಬ್ಬಿಣದ ಗಡ್ಡೆಗಳಿರುತ್ತವೆ. ಒಳಗೆ ಹಲ್ಲಿನ ಚಕ್ರಗಳು ಗೇರ್ ಆಯಿಲ್ಲಿನಲ್ಲಿ ಮುಳುಗಿರುತ್ತವೆ. ಅದನ್ನು ಇತ್ತೀಚೆಗೆ ಬದಲಿಸಿದ್ದೇವೆ ಎಂದು ಮಾರಿದವರು ಹೇಳಿದ್ದರು. ನಾನು ಎರಡರದೂ ಮೇಲಿನ ಬಿರಡೆ ಬಿಚ್ಚಿ ಬೆರಳು ಹಾಕಿ ನೋಡಿದೆ. ಜೇನಿನ ಬಣ್ಣದ ಆಯಿಲ್, ಮಟ್ಟವೂ ಸರಿ. ಇಷ್ಟು ಒಳ್ಳೆಯದನ್ನು ಯಾಕೆ ಚೆಲ್ಲಬೇಕು ಎಂದು ಎರಡೂ ಬಿರಡೆ ಬಿಗಿದುಬಿಟ್ಟೆ. ಎಲ್ಲಾ ಅಂದ್ರ ಎಲ್ಲಾ ಎಂದ ಮಾತು ಕಿವಿಯಲ್ಲೇ ಇತ್ತು. ಕೈ ಕೇಳಲಿಲ್ಲ.

ಮುಂಗಾರು ಹಿಡಿಯಿತು. ಒಳ್ಳೆ ಹದ ಮಳೆ ಬಿದ್ದ ಮರುದಿನ ಅಳಿಯ ಬಂದ. ಡಾಂಬರು ಮುಗಿಯುವಲ್ಲಿ ನಿಲ್ಲಿಸಿ ಮುಂದಿನ ಗಾಲಿಗಳನ್ನು ಎಳೆತಕ್ಕೆ ಕೂಡಿಸುವ ಬೀಗ ತಿರುಗಿಸಿ ನಾಲ್ಕೂ ಗಾಲಿಗೆ ಹಾಕಿದೆ. ಇದು ಕೆಸರಿಗೆ ಇಳಿಯುವ ಮೊದಲೇ ಮಾಡುವ ಕೆಲಸ, ಸಿಕ್ಕಿಕೊಂಡ ಮೇಲಲ್ಲ. ಎರಡನೇ ಗೇರಿನಲ್ಲಿ, ಎಲ್ಲಿಯೂ ನಿಲ್ಲದೆ, ಎಲ್ಲಿಯೂ ಜೋರು ಮಾಡದೆ, ಹೋಗಿ ತಿರುಗಿ ಬಂದೆವು. ಅಳಿಯ ಮೇಲಿನ ಹಿಡಿಕೆ ಬಿಟ್ಟು ಕೈ ತೊಡೆಯ ಮೇಲಿಟ್ಟುಕೊಂಡ. ಒಪ್ಪಿದ ಹಾಗೆ. ಶುಕ್ರವಾರ ಒಳ್ಳೆಯ ದಿನ, ಅವತ್ತೇ ಕರೆದುಕೊಂಡು ಬನ್ನಿ ಎಂದ. ಮನೆಯಾಕೆ ಆವತ್ತೇ ಅಂಟಿನುಂಡಿ ಕಟ್ಟಲು ಕುಳಿತಳು.

ಆದರೆ ತಿರುಗಿ ಬರುವಾಗ ನನ್ನ ಕಿವಿಗೆ ಒಂದು ಸದ್ದು ಬಿದ್ದಿತ್ತು. ಬೀಸುವ ಕಲ್ಲಿನಲ್ಲಿ ಕಾಳು ತೀರಿದಾಗ ಬರುವಂಥ ಸದ್ದು, ಮುಂದಿನ ಕಡೆಯಿಂದ. ಅಳಿಯ ಹೋದ ಮೇಲೆ, ಗಾಡಿ ಇನ್ನೂ ಬಿಸಿಯಿರುವಾಗ, ಮುಂದಿನ ಹೌಸಿಂಗಿನ ಅದೇ ಬಿರಡೆ ಬಿಚ್ಚಿ ಬೆರಳು ಹಾಕಿದೆ. ಜೇನಿನ ಬಣ್ಣ ಎಲ್ಲಿಯೂ ಇಲ್ಲ. ಬೆರಳಿಗೆ ಅಂಟಿದ್ದು ಹಾಲು ಹೆಚ್ಚು ಹಾಕಿದ ಚಹಾ.

ಮರುದಿನ ಬೆಳಿಗ್ಗೆ ಮುಂದಿನ ಬೀಗ ಬಿಟ್ಟು, ಬರೀ ಹಿಂದಿನ ಗಾಲಿಯ ಮೇಲೆ ಮೆಲ್ಲಗೆ ರಾಣೆಬೆನ್ನೂರಿಗೆ ಒಯ್ದೆ. ಮಿಸ್ತ್ರಿ ಕೆಳಗಿನ ಬಿರಡೆ ಬಿಚ್ಚಿ ಬೋಗುಣಿ ಹಿಡಿದರು. ಮೊದಲು ಬಂದದ್ದು ಸ್ವಚ್ಛ ನೀರು. ಅದರ ಹಿಂದೆ ಹಾಲುಚಹಾ. ಅವರು ಕೈ ಒರೆಸಿಕೊಂಡು ನನ್ನ ಕಡೆ ನೋಡಿದರು.

“ಖರೇ ಹೇಳ್ರಿ ಕಾಕಾರ, ಗಾಡಿ ನೀರಾಗ ಇಳಿಸಿದ್ರೇನು?”

“ಇಳಿಸಿದ್ನೆಪಾ. ಹೊಸಾ ಎತ್ತು ತಂದ್ರ ಹೊಳ್ಯಾಗ ಮೈ ತೊಳೀದ ಮನೀಗೆ ತರ್ತಾರೇನು?”

“ಯಾವಾಗ?”

“ಅವತ್ತ. ನೀವು ಬಸ್ ಹತ್ತಿದ ಕೂಡ್ಲೆ.”

“ಬಿಸಲಾಗ ಹೊಲಾ ಹೊಡದು ಬಂದ ಎತ್ತಿನ್ನ ನೊಗಾ ಬಿಚ್ಚಿದ ಕೂಡ್ಲೆ ಹೊಳಿಗೆ ಇಳಿಸ್ತಿದ್ರೇನು ನೀವು?”

ಯಾರು ಇಳಿಸುತ್ತಾರೆ? ನೆರಳಿಗೆ ಕಟ್ಟಿ, ಬೆವರು ಆರಿ, ಏದುಸಿರು ನಿಂತ ಮೇಲೆಯೇ ನೀರು. ಇದನ್ನು ನನಗೆ ಹೇಳಿಕೊಡಬೇಕಾಗಿರಲಿಲ್ಲ, ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಎತ್ತಿನ ಶಾಸ್ತ್ರ ಅರ್ಧ ನೆನಪಿಟ್ಟು ಅರ್ಧ ಮರೆತಿದ್ದೆ.

ಮಿಸ್ತ್ರಿ ಬಿಡಿಸಿ ಹೇಳಿದರು. ಹೌಸಿಂಗಿನ ತಲೆಯ ಮೇಲೆ ಉಸಿರಾಡಲು ಒಂದು ಸಣ್ಣ ತೂತಿನ ನಳಿಗೆ ಇರುತ್ತದೆ. ನಮ್ಮ ಗಾಡಿಯಲ್ಲಿ ಅದು ಮಣ್ಣು ಕೂತು ಕಟ್ಟಿತ್ತು. ಹೊಲದಲ್ಲಿ ಓಡಿ ಒಳಗಿನ ಗಾಳಿ ಕಾದಿತ್ತು, ತಣ್ಣೀರಿಗೆ ಇಳಿಸಿದ ಕೂಡಲೆ ಆ ಗಾಳಿ ಕುಗ್ಗಿತು. ಮೂಗು ಕಟ್ಟಿದ್ದರಿಂದ ಗಾಲಿಯ ಬದಿಯ ಹಳೆಯ ಸೀಲುಗಳ ಸಂದಿನಿಂದ ಹೊಳೆಯ ನೀರನ್ನೇ ಒಳಗೆ ಎಳೆದುಕೊಂಡಿತು. ಗಾಡಿ ಸುಮ್ಮನೆ ನಿಂತಾಗ ನೀರು ಭಾರವೆಂದು ತಳಕ್ಕೆ ಕೂತಿತು, ಆಯಿಲ್ ಮೇಲೆ ತೇಲಿತು. ನನ್ನ ಬೆರಳು ಮುಟ್ಟಿದ್ದು ಆ ಮೇಲಿನ ಪದರವನ್ನು. ಕೆಸರಿನಲ್ಲಿ ಓಡಿಸಿದ ಮೇಲೆ ಮಜ್ಜಿಗೆ ಕಡೆದ ಹಾಗೆ ಎರಡೂ ಬೆರೆತವು. ಟಾರ್ಚ್ ಹಿಡಿದು ಒಳಗೆ ತೋರಿಸಿದರು: ಹಲ್ಲುಗಳು ಗಟ್ಟಿಯಾಗಿದ್ದವು, ಆದರೆ ಬೇರಿಂಗಿನ ಮೇಲೆ ತುಕ್ಕಿನ ಚುಕ್ಕೆ ಎದ್ದಿದ್ದವು. ಹಿಂದಿನದಕ್ಕೂ ನೀರು ಹೋಗಿತ್ತು, ಸ್ವಲ್ಪ ಕಡಿಮೆ.

ಬೇರಿಂಗು, ಸೀಲು ಹುಬ್ಬಳ್ಳಿಯಿಂದ ಬರಬೇಕು. ಬಿಚ್ಚಿ ಕೂಡಿಸುವುದಕ್ಕೆ ಶುಕ್ರವಾರದೊಳಗೆ ಸಾಧ್ಯವಿಲ್ಲ. ಮಿಸ್ತ್ರಿಗೆ ನನ್ನ ಮನೆಯ ಸಂಗತಿ ಗೊತ್ತಿತ್ತು. ಸದ್ಯಕ್ಕೆ ತೊಳೆದು ಹೊಸ ಆಯಿಲ್ ಹಾಕಿ ಕೊಡುತ್ತೇನೆ, ಮಗಳನ್ನು ಕರೆತನ್ನಿ, ಹೆರಿಗೆಯಾದ ಮೇಲೆ ನಿಧಾನಕ್ಕೆ ಬಿಚ್ಚೋಣ ಎಂದರು.

“ನಡೀತೈತೇನು?” ಎಂದೆ.

“ನಡದ್ರ ನಡೀತೈತ್ರಿ. ಇಲ್ಲಂದ್ರ ಬೇರಿಂಗ್ ಒಡದು ಗಾಲಿ ಹಿಡಕೊಂತೈತಿ. ಅಷ್ಟರ ಮ್ಯಾಲೆ ನಿಮ್ಮ ಮರ್ಜಿ.”

ಹೊರಗೆ ಹೋಗಿ ಒಂದು ಹಳೆಯ ಟಾಯರಿನ ಮೇಲೆ ಕುಳಿತೆ. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಡಾಂಬರಿನ ಮೇಲೆ ಈ ಗಾಡಿಯ ಮುಂದಿನ ಹೌಸಿಂಗಿಗೆ ಕೆಲಸವೇ ಇಲ್ಲ, ಬೀಗ ಬಿಟ್ಟರೆ ಅದು ಮಲಗಿರುತ್ತದೆ. ಅದು ದುಡಿಯುವುದು ಕೆಸರಿನಲ್ಲಿ ಮಾತ್ರ. ಹಾಗಾದರೆ ಅದು ಮುರಿದರೂ ಕೆಸರಿನಲ್ಲೇ ಮುರಿಯಬೇಕು. ಬೇರೆ ಕಡೆ ಕೆಟ್ಟು ಮೊದಲೇ ಎಚ್ಚರಿಸುವ ಸಂಭವವೇ ಇಲ್ಲ. ಮಳೆ ಸುರಿಯುತ್ತಿದೆ, ಹಿಂದಿನ ಸೀಟಿನಲ್ಲಿ ಮಗಳು ನರಳುತ್ತಿದ್ದಾಳೆ, ಆಗ ಗಾಲಿ ಹಿಡಿದುಕೊಂಡರೆ? ನಾನು ಅಳಿಯನಿಗೆ ತೋರಿಸಿದ್ದು ಒಂದು ದಿನದ ಓಟ. ಅವನು ನಂಬಿ ಕಳಿಸುತ್ತಿರುವುದು ತನ್ನ ಹೆಂಡತಿಯನ್ನು, ನನ್ನ ಮಗಳನ್ನು.

ಒಳಗೆ ಬಂದು, ಎರಡೂ ಬಿಚ್ಚಿರಿ ಎಂದೆ.

ಮಿಸ್ತ್ರಿಗೆ ಹೇಳುವುದು ಸುಲಭವಾಯಿತು, ಮನೆಯಾಕೆಗೆ ಹೇಳುವುದು ಕಷ್ಟವಾಯಿತು. ಹೆರಿಗೆ ಆಗುವ ತನಕ ಮಗಳು ಬ್ಯಾಡಗಿಯಲ್ಲೇ ಇರಲಿ, ನೀನು ಅಲ್ಲಿಗೆ ಹೋಗು ಎಂದೆ. ಅವಳು ಎದ್ದು ಡಬ್ಬಿಯಲ್ಲಿ ಉಂಡಿಗಳನ್ನು ಜೋಡಿಸತೊಡಗಿದಳು. ಮುಚ್ಚಳ ಹಾಕುವ ಮೊದಲು ಎರಡನ್ನು ತೆಗೆದು ಹೊರಗಿಟ್ಟಳು.

“ಇವು ನಿಮ್ಮ ಜೀಪಿಗೆ. ಅದ್ರದ್ದೂ ಬಾಣಂತನ ಆಗ್ಲಿ.”

ಮಗಳಿಗೆ ನಾನೇ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ, ಹೊಳೆಯ ಸಂಗತಿಯನ್ನೂ. ಅವಳು ನಕ್ಕಳು. “ಯಪ್ಪಾ, ನೀ ಗಡಿಬಿಡಿ ಮಾಡಬ್ಯಾಡ. ಕೂಸೇನು ನಿನ್ನ ಗಾಡಿ ಕಾಯ್ಕೋತ ಕುಂದ್ರಂಗಿಲ್ಲ, ತನ್ನ ಟೈಮಿಗೆ ತಾ ಬರ್ತೈತಿ” ಎಂದಳು. ಫೋನು ಇಡುವಾಗ ಮಾತ್ರ, ಕೂಸು ಬಂದ ಮೇಲೆ ನಾವಿಬ್ಬರೂ ನಿಮ್ಮ ಮನೆಗೇ ಬರುವುದು ಎಂದಳು. ಆ ಮಾತು ನನಗೆ ಸಾಕಾಯಿತು.

ದಿನಾ ಬಸ್ಸಿಗೆ ರಾಣೆಬೆನ್ನೂರಿಗೆ ಹೋಗಿ ಮಿಸ್ತ್ರಿಯ ಜೊತೆ ಕುಳಿತೆ. ಗಾಲಿ ಬಿಚ್ಚಿ, ಶಾಫ್ಟು ಎಳೆದು, ಒಳಗಿನ ಹಲ್ಲಿನ ಚಕ್ರಗಳನ್ನು ಹೊರಗೆ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದೆವು. ಬೇರಿಂಗುಗಳನ್ನು ಕಳಚಿದಾಗ ಕಂಡಿತು, ಚುಕ್ಕೆಯೆಂದು ತಿಳಿದದ್ದು ಒಂದರಲ್ಲಿ ಗುಳಿಯೇ ಆಗಿತ್ತು. ಮಿಸ್ತ್ರಿ ಅದನ್ನು ಬೆರಳಿಗೆ ಸಿಗಿಸಿ ತಿರುಗಿಸಿ ನನ್ನ ಕಿವಿಯ ಹತ್ತಿರ ಹಿಡಿದರು. ಅದೇ ಬೀಸುವ ಕಲ್ಲಿನ ಸದ್ದು.

ಹುಬ್ಬಳ್ಳಿಯಿಂದ ಮೊದಲ ಸಲ ಬಂದ ಸೀಲುಗಳು ಅಳತೆಗೆ ಕೂಡಲಿಲ್ಲ, ಮರಳಿ ಕಳಿಸಿದೆವು. ಎರಡನೇ ಸಲದವು ಬಂದ ದಿನ, ನಾನು ಮುಚ್ಚಳದ ಹಳೆಯ ಅಂಟನ್ನು ಕೆರೆಯುತ್ತ ಕುಳಿತಿದ್ದೆ. ಕೈ ತುಂಬ ಆಯಿಲ್. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮಿಸ್ತ್ರಿಯೇ ತೆಗೆದು ಗುಂಡಿ ಒತ್ತಿ ನನ್ನ ಕಿವಿಗೆ ಹಿಡಿದರು. ಹಾವೇರಿಯ ಆಸ್ಪತ್ರೆಯಿಂದ ಅಳಿಯ.

“ಮಾವಾರ, ಹೆಣ್ಣು. ಇಬ್ರೂ ಆರಾಮ ಅದಾರ.”

ನಾನು ಏನು ಮಾತಾಡಿದೆನೋ ನನಗೆ ನೆನಪಿಲ್ಲ. ಬರೀ ಹೂಂ ಹೂಂ ಎಂದೆ ಎಂದು ಆಮೇಲೆ ಅಳಿಯ ಹೇಳಿದ. ಮಿಸ್ತ್ರಿ ಫೋನು ತಿರುಗಿ ನನ್ನ ಜೇಬಿಗೆ ಇಟ್ಟು, ನಮ್ಮಲ್ಲಿ ತಾಯಿಯ ಅಪ್ಪಗ ನಾನಾ ಅಂತಾರ್ರಿ, ನಾನಾ ಆದ್ರಿ ನೀವು ಎಂದು ಹೇಳಿ ಓಣಿಯ ಗ್ಯಾರೇಜಿನವರಿಗೆಲ್ಲ ಪೇಢೆ ಹಂಚಿದರು. ನನಗೆ ಕೊಡಲಿಲ್ಲ, ಬಾಯಿಗೇ ಹಾಕಿದರು, ಕೈ ಹಾಗಿತ್ತಲ್ಲ. ಆ ಕೈಯನ್ನು ಸೋಪಿನಿಂದ ತೊಳೆದು ಮೊದಲ ಬಸ್ಸಿಗೆ ಹಾವೇರಿಗೆ ಹೋದೆ. ಕೂಸು ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ. ಹಿಡಿಯಷ್ಟು ಮುಖ, ತಲೆ ತುಂಬ ಕೂದಲು, ಕಣ್ಣು ತೆರೆದು ನನ್ನನ್ನು ಒಂದು ಸಲ ನೋಡಿ, ಇಷ್ಟೇ ಏನು ಎನ್ನುವ ಹಾಗೆ ಮುಚ್ಚಿಕೊಂಡಿತು. ಆಸ್ಪತ್ರೆಯಿಂದ ಅವರನ್ನು ಬ್ಯಾಡಗಿಗೆ ಕರೆದೊಯ್ದರು. ನಾನು ಗ್ಯಾರೇಜಿಗೆ ಮರಳಿದೆ. ಈಗ ಅವಸರ ಮಾಡುವ ಆಸೆ ಇನ್ನೂ ಹೆಚ್ಚಾಯಿತು, ಹಾಗೆಂದೇ ಅವಸರ ಮಾಡಲಿಲ್ಲ.

ಕೂಡಿಸಿದ ಮೇಲೆ ಮೊದಲು ಅಗ್ಗದ ಆಯಿಲ್ ಹಾಕಿ, ಗಾಲಿಗಳನ್ನು ಜಾಕಿನ ಮೇಲೆ ಎತ್ತಿ ಗಾಳಿಯಲ್ಲೇ ತಿರುಗಿಸಿ, ಇಳಿಸಿದೆವು. ಮಸುಕಾಗಿ ಬಂತು. ಮತ್ತೆ ಹಾಕಿ ಇಳಿಸಿದೆವು. ತಿಳಿಯಾಗಿ ಬಂದ ಮೇಲೆ ಒಳ್ಳೆಯ ಆಯಿಲ್. ಕಟ್ಟಿದ್ದ ಮೂಗುಗಳನ್ನು ಬದಲಿಸಿ, ಅವಕ್ಕೆ ಉದ್ದನೆಯ ರಬ್ಬರ್ ನಳಿಗೆ ಸಿಗಿಸಿದೆವು. ಮುಂದಿನದನ್ನು ಎಂಜಿನ್ನಿನ ಎತ್ತರಕ್ಕೆ, ಹಿಂದಿನದನ್ನು ಸೀಟಿನ ಮಟ್ಟಕ್ಕೆ ಏರಿಸಿ ಕಟ್ಟಿದೆವು. ಹಳೆಯ ಜೀಪು ಕೊಂಡವರು ಬೇರೆ ಏನು ಮರೆತರೂ ಈ ಮೂಗು ಮರೆಯಬಾರದು. ನೀರಿಗೆ ಇಳಿಯುವ ಮೊದಲು ಗಾಡಿಯನ್ನು ನೆರಳಿಗೆ ನಿಲ್ಲಿಸಿ ಆರಲು ಬಿಡಬೇಕು.

ಮನೆಗೆ ತಂದು, ಜೋರು ಮಳೆಯ ಮರುದಿನ, ಹಿಂದಿನ ಸೀಟಿನಲ್ಲಿ ಗೋವಿನಜೋಳದ ಚೀಲಗಳನ್ನು ಕೂರಿಸಿಕೊಂಡು ಎರೆದಾರಿಯಲ್ಲಿ ಹೋಗಿ ಬಂದೆ. ಒಂದು ತಗ್ಗಿನಲ್ಲಿ ಬಾಲ ಜಾರಿತು. ಟಾಯರಿನ ಗಾಳಿ ಸ್ವಲ್ಪ ಇಳಿಸಿ ಮತ್ತೆ ಹೋದೆ, ಜಾರಲಿಲ್ಲ. ಮತ್ತೊಂದು ದಿನ, ಮತ್ತೊಂದು ಮಳೆ. ಬಿಸಿ ಇರುವಾಗ ಒಂದು ಸಲ, ಮರುದಿನ ತಣ್ಣಗಾದಾಗ ಕೆಳಗಿನ ಬಿರಡೆ ಸಡಿಲಿಸಿ ಒಂದು ಸಲ ನೋಡಿದೆ. ಹಾಕಿದ ಬಣ್ಣವೇ ಇತ್ತು. ಆಮೇಲೆ ಅಳಿಯನಿಗೆ ಫೋನು ಮಾಡಿ, ತೊಟ್ಟಿಲಿಗೆ ಹಾಕುವುದು ನಮ್ಮ ಮನೆಯಲ್ಲಿ ಆಗಲಿ ಎಂದೆ. ಅವನು, ನಾನೂ ಜೊತೆಗೆ ಬರುತ್ತೇನೆ, ನೋಡೋಣ ಎಂದ. ನೋಡೋಣ ಎಂದರೆ, ದಾರಿಯಲ್ಲಿ ತೊಂದರೆ ಕಂಡರೆ ಡಾಂಬರಿನಿಂದಲೇ ತಿರುಗಿ ಕರೆದೊಯ್ಯುತ್ತೇನೆ ಎಂದು ಅರ್ಥ.

ಬ್ಯಾಡಗಿಯಿಂದ ಹೊರಟಾಗ ಹನಿ ಶುರುವಾಗಿತ್ತು. ಕರ್ಜಗಿ ದಾಟುವಾಗ ಸುರಿಯತೊಡಗಿತು. ಹಿಂದೆ ಮಗಳು, ಅವಳ ಮಡಿಲಲ್ಲಿ ಕೂಸು, ಪಕ್ಕದಲ್ಲಿ ಮನೆಯಾಕೆ. ಡಾಂಬರು ಮುಗಿಯುವಲ್ಲಿ ನಿಲ್ಲಿಸಿ ಇಳಿದು ಬೀಗ ತಿರುಗಿಸಿದೆ, ಟಾಯರಿನ ಗಾಳಿ ಇಳಿಸಿದೆ. ಅಳಿಯನಿಗೆ ಧೈರ್ಯ ಸಾಲಲಿಲ್ಲ. ಪ್ಯಾಂಟು ಮಡಚಿ ಇಳಿದು, ಮುಂದೆ ನಡೆದು ದಾರಿ ತೋರಿಸುತ್ತೇನೆ, ಭಾರವೂ ಕಡಿಮೆಯಾಗುತ್ತದೆ ಎಂದ. ಬೇಡ ಎಂದರೂ ಕೇಳಲಿಲ್ಲ. ಕೊಡೆ ಹಿಡಿದು ನಡೆದ.

ತಗ್ಗಿನ ಹತ್ತಿರ ಅವನು ಬದಿಗೆ ಸರಿದು ಕೈ ಮಾಡಿದ. ಸಣ್ಣ ಗೇರಿನಲ್ಲಿ ಜೀಪು ಅವನನ್ನು ದಾಟಿತು. ಮುಂದಿನ ಗಾಲಿಗಳು ಮಣ್ಣು ಕಚ್ಚಿ ಎಳೆಯುವುದು ನನ್ನ ಅಂಗೈಗೆ ಸ್ಟೇರಿಂಗಿನಲ್ಲೇ ಗೊತ್ತಾಗುತ್ತಿತ್ತು. ಮುಂದಿನ ಕಡೆಯಿಂದ ಬೀಸುವ ಕಲ್ಲಿನ ಸದ್ದಿಲ್ಲ, ಮಳೆಯ ಸದ್ದು ಮಾತ್ರ. ಹಿಂದಿನಿಂದ ಮನೆಯಾಕೆ, ನಿಲ್ಲಿಸಿರಿ, ಅಳಿಯಂದಿರು ಹಿಂದೆ ಉಳಿದರು ಎಂದಳು.

“ನಿಲ್ಲಿಸಬ್ಯಾಡ ಯಪ್ಪಾ,” ಎಂದಳು ಮಗಳು, “ಅವ್ರು ನಡಕೋತ ಬರ್ತಾರ. ಕೂಸು ಮಲಗೇತಿ.”

ನಿಲ್ಲಿಸಲಿಲ್ಲ. ಎರೆಮಣ್ಣಿನಲ್ಲಿ ನಿಂತರೆ ಕೆಟ್ಟೆವು. ಅಂಗಳಕ್ಕೆ ಬಂದು, ಬಾಗಿಲಿಗೆ ತಾಗುವ ಹಾಗೆ ನಿಲ್ಲಿಸಿದೆ. ಮನೆಯಾಕೆ ಮೊದಲು ಇಳಿದು ಹೋಗಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮಗಳು ಕಾಲಿಗೆ ಕೆಸರು ತಾಗದೆಯೇ ಹೊಸ್ತಿಲು ದಾಟಿದಳು. ಕೂಸಿಗೆ ಎಚ್ಚರವಾಗಲಿಲ್ಲ.

ಬಹಳ ಹೊತ್ತಾದ ಮೇಲೆ ಅಳಿಯ ಬಂದ. ಮೊಣಕಾಲ ತನಕ ಎರೆಮಣ್ಣು, ಕೊಡೆ ತಿರುವುಮುರುವು, ಒಂದು ಕೈಯಲ್ಲಿ ಒಂದು ಚಪ್ಪಲಿ. ಇನ್ನೊಂದನ್ನು ದಾರಿ ನುಂಗಿತ್ತು. ಹೊಸ್ತಿಲ ಹೊರಗೇ ನಿಂತು ಒಳಗಿನ ಹೊರಸಿನ ಮೇಲೆ ಮಲಗಿದ್ದ ಹೆಂಡತಿಯನ್ನು, ಕೂಸನ್ನು ನೋಡಿದ. ಆಮೇಲೆ ಜೀಪನ್ನು ನೋಡಿದ.

“ಮಾವಾರ, ಮಳಿಗಾಲ ಮುಗಿಯೂ ಮಟ ಇಬ್ರೂ ಇಲ್ಲೇ ಇರ್ಲಿ ಬಿಡ್ರಿ.”

ನಾನು ಬಾಯಿ ತೆರೆಯುವ ಮೊದಲೇ, ಒಳಗೆ ಬಿಸಿನೀರಿನ ಕೊಡ ಎತ್ತುತ್ತಿದ್ದ ಮನೆಯಾಕೆಯ ದನಿ ಬಂತು:

“ನೀವೂ ಇರ್ರಿ, ಆ ಇನ್ನೊಂದು ಚಪ್ಲಿ ಸಿಗೂ ಮಟ.”